ಹಳೆಯ ವಾಣಿಜ್ಯ ಕಟ್ಟಡ ಕೆಡವಿಸುವ ಗುತ್ತಿಗೆ ಯಾರಿಗೆ ಕೊಡಬೇಕು? ಹಾಸನದ ಮಾಲೀಕರಿಗೊಂದು ಹೋಲಿಕೆಯ ಮಾರ್ಗದರ್ಶಿ

ಹಾಸನದ ಬಿ.ಎಂ. ರಸ್ತೆಯ ಇಕ್ಕೆಲಗಳಲ್ಲಿ, ಸಂತೇಪೇಟೆಯಲ್ಲಿ, ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನ ಬೀದಿಗಳಲ್ಲಿ ನಲವತ್ತು ಐವತ್ತು ವರ್ಷಗಳ ಹಿಂದೆ ಕಟ್ಟಿದ ಮಳಿಗೆಗಳು, ಲಾಡ್ಜುಗಳು, ಗೋದಾಮುಗಳು ಒಂದೊಂದಾಗಿ ಕೆಡವುವ ಹಂತಕ್ಕೆ ಬರುತ್ತಿವೆ. ಅಂಥ ಕಟ್ಟಡದ ಮಾಲೀಕರು ನಾಲ್ಕು ಜನರನ್ನು ಕರೆಸಿ ದರ ಕೇಳಿದರೆ ನಾಲ್ಕು ದಿಕ್ಕಿನ ಉತ್ತರ ಸಿಗುತ್ತದೆ. ಒಬ್ಬರು, ‘ಕಬ್ಬಿಣ, ಮರ, ಶಟರ್ ಎಲ್ಲ ನಮಗೆ ಬಿಡಿ, ನಾವೇ ನಿಮಗೆ ದುಡ್ಡು ಕೊಡುತ್ತೇವೆ’ ಎನ್ನುತ್ತಾರೆ. ಇನ್ನೊಬ್ಬರು ಯಂತ್ರಕ್ಕೆ ಗಂಟೆಗಿಷ್ಟು, ಟಿಪ್ಪರಿಗೆ ಲೋಡಿಗಿಷ್ಟು ಎಂದು ಹೇಳುತ್ತಾರೆ. ಮತ್ತೊಬ್ಬರು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬಂದು, ಒಂದು ದಿನವಿಡೀ ಅಳತೆ ಹಿಡಿದು, ಎಲ್ಲವನ್ನೂ ಸೇರಿಸಿದ ದೊಡ್ಡ ಮೊತ್ತವೊಂದನ್ನು ಬರೆದು ಕೊಡುತ್ತಾರೆ. ಹೊಸ ಕಟ್ಟಡ ಕಟ್ಟಲು ಒಪ್ಪಿಕೊಂಡಿರುವ ನಾಲ್ಕನೆಯವರು, ‘ಅದನ್ನೂ ನಾವೇ ನೋಡಿಕೊಳ್ಳುತ್ತೇವೆ ಬಿಡಿ’ ಎನ್ನುತ್ತಾರೆ. ಇವನ್ನೆಲ್ಲ ಅಕ್ಕಪಕ್ಕ ಇಟ್ಟು ಹೋಲಿಸುವುದು ಹೇಗೆಂದು ತಿಳಿಯದೆ, ದುಡ್ಡು ಕೊಡುತ್ತೇನೆಂದವರನ್ನೇ ಒಪ್ಪಿಕೊಂಡ ಮಾಲೀಕರನ್ನು ನಾನು ಬಹಳ ನೋಡಿದ್ದೇನೆ.

ಈ ಊರಿನಲ್ಲಿ ಸಿವಿಲ್ ಎಂಜಿನಿಯರಾಗಿ ನಕ್ಷೆ ಮತ್ತು ಮೇಲ್ವಿಚಾರಣೆಯ ಕೆಲಸ ಮಾಡುವ ನನಗೆ, ಪೇಟೆಯೊಳಗಿನ ಯಾವ ಹೊಸ ಕಟ್ಟಡಕ್ಕೆ ಕೈಹಾಕಿದರೂ ಮೊದಲು ಎದುರಾಗುವುದು ಹಳೆಯದನ್ನು ಕೆಡವುವ ಕೆಲಸವೇ. ಅದರ ಸ್ವಭಾವವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಹೋಲಿಕೆ ಸುಲಭವಾಗುತ್ತದೆ. ಕಟ್ಟುವ ಕೆಲಸದಲ್ಲಿ ಖರ್ಚು ಮೊದಲು, ಆದಾಯ ಆಮೇಲೆ. ಕೆಡವುವ ಕೆಲಸದಲ್ಲಿ ಇದು ತಿರುಗುಮುರುಗು. ಬೆಲೆ ಬಾಳುವ ಶಟರುಗಳು, ಕಿಟಕಿಯ ಗ್ರಿಲ್ಲು, ತೇಗದ ಬಾಗಿಲು, ತಾಮ್ರದ ವೈರು, ಮಂಗಳೂರು ಹೆಂಚು ಇವೆಲ್ಲ ಮೊದಲ ವಾರದಲ್ಲೇ ಬಿಚ್ಚಿಕೊಂಡು ಗಾಡಿ ಹತ್ತುತ್ತವೆ; ಅದರ ಹಿಂದೆಯೇ ಸ್ಲ್ಯಾಬಿನೊಳಗಿನ ಸರಳುಗಳು ಹೋಗುತ್ತವೆ. ಕೊನೆಗೆ ಉಳಿಯುವುದು ಗಾರೆಯ ಪುಡಿ, ಒಡೆದ ಕಾಂಕ್ರೀಟು, ಪಾಯದ ಕಲ್ಲು, ಹಳೆಯ ಶೌಚಗುಂಡಿ. ಇವುಗಳಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ, ತೆಗೆಯಲು ಮಾತ್ರ ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಆದ್ದರಿಂದ ಯಾರು ಎಷ್ಟು ಕಡಿಮೆಗೆ ಶುರು ಮಾಡುತ್ತಾರೆ ಎಂದು ನೋಡುವ ಬದಲು, ಲಾಭವೆಲ್ಲ ಕೈಸೇರಿದ ಮೇಲೂ ಕೊನೆಯ ಟಿಪ್ಪರ್ ಹೊರಡುವವರೆಗೆ ನಿಲ್ಲುವವರು ಯಾರು ಎಂದು ನೋಡಬೇಕು. ಮುಂದಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ದರ ಕೇಳುವ ಮೊದಲು ಒಂದು ಹಾಳೆ

ನಾಲ್ವರಿಗೂ ಒಂದೇ ಕೆಲಸದ ವಿವರ ಕೊಡದೆ ದರ ಕೇಳಿದರೆ, ಅವರು ಹೇಳುವುದು ನಾಲ್ಕು ಬೇರೆ ಬೇರೆ ಕೆಲಸಗಳ ದರ. ಹಾಗಾಗಿ ಮೊದಲು ಕಟ್ಟಡದ ಅಳತೆಯನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ: ಪ್ರತಿ ಅಂತಸ್ತು ಎಷ್ಟು ಚದರ (ಒಂದು ಚದರವೆಂದರೆ ನೂರು ಚದರ ಅಡಿ), ಮೇಲ್ಛಾವಣಿ ಆರ್‌ಸಿಸಿಯೋ, ಮರದ ತೊಲೆಗಳ ಮೇಲೆ ಇಟ್ಟಿಗೆ ಹಾಸಿದ ಮದ್ರಾಸ್ ತಾರಸಿಯೋ, ಹೆಂಚೋ, ಸಿಮೆಂಟ್ ಶೀಟೋ, ಗೋಡೆ ಸಿಮೆಂಟ್ ಗಾರೆಯದೋ, ಸುಣ್ಣದ ಗಾರೆಯದೋ, ಮಣ್ಣಿನ ಗಾರೆಯದೋ, ಯಾವ ಬದಿಯಲ್ಲಿ ಪಕ್ಕದ ಕಟ್ಟಡ ಅಂಟಿಕೊಂಡಿದೆ, ಪಾಯವನ್ನು ಎಷ್ಟು ಆಳದವರೆಗೆ ತೆಗೆಯಬೇಕು, ಸಂಪು, ಶೌಚಗುಂಡಿ, ಮುಚ್ಚಿದ ಬಾವಿ ಎಲ್ಲಿವೆ. ನೆಲದಡಿಯ ಗುಂಡಿಗಳ ವಿಷಯದಲ್ಲಿ ಹಳೆಯ ಬಾಡಿಗೆದಾರರನ್ನು ಕೇಳುವುದು ಒಳ್ಳೆಯದು, ನಕ್ಷೆಯಲ್ಲಿಲ್ಲದ ಗುಂಡಿ ಅವರ ನೆನಪಿನಲ್ಲಿರುತ್ತದೆ.

ಅಳತೆ ಸಿಕ್ಕಿತೆಂದರೆ ತೂಕವನ್ನು ಯಾರು ಬೇಕಾದರೂ ಅಂದಾಜು ಮಾಡಬಹುದು. ಒಂದು ಘನ ಮೀಟರ್ ಸರಳು ಹಾಕಿದ ಕಾಂಕ್ರೀಟಿನ ತೂಕ ಸುಮಾರು ಎರಡೂವರೆ ಟನ್. ಅಂತಸ್ತಿಗೆ ಇಪ್ಪತ್ತು ಚದರದಂತೆ ಮೂರು ಅಂತಸ್ತಿನ ಮಳಿಗೆ ಎಂದಿಟ್ಟುಕೊಳ್ಳಿ. ಐದು ಇಂಚು ದಪ್ಪದ ಒಂದು ಸ್ಲ್ಯಾಬೇ 58ರಿಂದ 60 ಟನ್ ತೂಗುತ್ತದೆ, ಮೂರು ಸ್ಲ್ಯಾಬಿಗೆ ಸುಮಾರು 175 ಟನ್. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳನ್ನು ಸೇರಿಸಿದರೆ ಒಟ್ಟು 400 ಟನ್ ದಾಟುವುದು ಸಹಜ. ಒಂದು ಟಿಪ್ಪರಿಗೆ ಹತ್ತು ಟನ್ ಎಂದು ಹಿಡಿದರೂ ನಲವತ್ತಕ್ಕಿಂತ ಹೆಚ್ಚು ಲೋಡು. ‘ಹತ್ತು ಹದಿನೈದು ಲೋಡಿನಲ್ಲಿ ಮುಗಿಯುತ್ತದೆ’ ಎಂದು ಹೇಳುವವರು ಒಂದೋ ಅಳತೆ ನೋಡಿಲ್ಲ, ಇಲ್ಲವೇ ಉಳಿದದ್ದನ್ನು ನಿಮ್ಮ ನಿವೇಶನದಲ್ಲೇ ಬಿಡುವ ಲೆಕ್ಕ ಹಾಕಿದ್ದಾರೆ.

ಸರಳಿನ ಲೆಕ್ಕವೂ ಹೀಗೆಯೇ. ಸಾಮಾನ್ಯ ಸ್ಲ್ಯಾಬಿನಲ್ಲಿ ಕಾಂಕ್ರೀಟಿನ ಗಾತ್ರದ ಶೇಕಡಾ ಒಂದರಷ್ಟೋ ಅದಕ್ಕಿಂತ ತುಸು ಕಡಿಮೆಯೋ ಕಬ್ಬಿಣ ಇರುತ್ತದೆ. ಅಂದರೆ ಇಪ್ಪತ್ತು ಚದರದ ಸ್ಲ್ಯಾಬೊಂದರಲ್ಲಿ ಒಂದೂವರೆ ಟನ್ನಿನ ಆಸುಪಾಸು. ತುಕ್ಕು ಹಿಡಿದಿದ್ದರೆ ಇನ್ನೂ ಕಡಿಮೆ, ತೊಲೆ ಮತ್ತು ಕಂಬಗಳದ್ದು ಬೇರೆ. ಅಂದಿನ ಗುಜರಿ ದರದಿಂದ ಇದನ್ನು ಗುಣಿಸಿ ನೋಡಿದರೆ, ನಿಮಗೆ ದುಡ್ಡು ಕೊಡುತ್ತೇನೆಂದವರು ನಿಜವಾಗಿ ಎಷ್ಟರ ಸಾಮಾನು ಒಯ್ಯುತ್ತಿದ್ದಾರೆಂದು ತಿಳಿಯುತ್ತದೆ. ಯಾರೇ ಆಗಲಿ, ಕೊಟೇಷನ್ನಿನಲ್ಲಿ ಎರಡು ಮೊತ್ತಗಳನ್ನು ಬೇರೆ ಬೇರೆಯಾಗಿ ಬರೆಯಬೇಕೆಂದು ಕೇಳಿ: ಕೆಲಸದ ಖರ್ಚು ಎಷ್ಟು, ಸಾಮಾನಿನ ಬೆಲೆ ಎಷ್ಟು. ಒಂದರಲ್ಲಿ ಇನ್ನೊಂದನ್ನು ಕಳೆದು ಒಂದೇ ಅಂಕಿ ಬರೆದು ಕೊಟ್ಟರೆ ಅಂಥ ಕೊಟೇಷನ್ನನ್ನು ಇನ್ನಾವುದರ ಜೊತೆಗೂ ಹೋಲಿಸಲು ಬರುವುದಿಲ್ಲ.

ನಾಲ್ಕು ದಾರಿಗಳು

ಗುಜರಿ ವ್ಯಾಪಾರಿಗೆ ಕೊಡುವ ದಾರಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಾಲ್ಕೂ ಕಡೆ ತೆರೆದ ಜಾಗವಿರುವ, ಕಬ್ಬಿಣದ ಟ್ರಸ್ಸಿನ ಮೇಲೆ ಶೀಟು ಹೊದಿಸಿದ ಗೋದಾಮೋ, ಹೆಂಚಿನ ಹಳೆಯ ರೈಸ್ ಮಿಲ್ಲೋ ಆದರೆ, ಬಿಚ್ಚುವ ಕೆಲಸದಲ್ಲಿ ಪಳಗಿದ ಅವರ ಜನ ಯಂತ್ರದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ. ಮರವನ್ನು ಸೀಳದೆ ಇಳಿಸುತ್ತಾರೆ, ಹೆಂಚು ಒಡೆಯದೆ ಜೋಡಿಸುತ್ತಾರೆ. ಆದರೆ ಅಂಟಿಕೊಂಡ ಗೋಡೆಗಳಿರುವ ಆರ್‌ಸಿಸಿ ಕಟ್ಟಡವನ್ನು ಅವರಿಗೆ ವಹಿಸುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಸರಳು ಬೇಗ ಕೈಗೆ ಸಿಗಲೆಂದು ಅವರು ತೊಲೆಯ ಕಾಂಕ್ರೀಟನ್ನೇ ಮೊದಲು ಒಡೆಯುತ್ತಾರೆ. ಅಲ್ಲಿಂದಾಚೆಗೆ ಸ್ಲ್ಯಾಬು ಯಾವುದರ ಮೇಲೆ ನಿಂತಿದೆ ಎಂದು ಯಾರೂ ಹೇಳಲಾರರು. ಸಾಮಾನಿನ ಹಣ ಕೈಸೇರಿದ ಮೇಲೆ ಅವರನ್ನು ನಿವೇಶನದಲ್ಲಿ ಉಳಿಸಿಕೊಳ್ಳಲು ಮಾಲೀಕರ ಕೈಯಲ್ಲಿ ಏನೂ ಇರುವುದಿಲ್ಲ. ಈ ದಾರಿಯಲ್ಲೇ ಹೋಗುವುದಾದರೆ ಸಾಮಾನಿನ ಪೂರ್ತಿ ಹಣವನ್ನು ಮೊದಲೇ ಪಡೆದು, ಅದರ ಮೇಲೆ ನಿವೇಶನ ಸ್ವಚ್ಛ ಮಾಡಿದ ಬಳಿಕ ಹಿಂತಿರುಗಿಸುವ ಠೇವಣಿಯೊಂದನ್ನೂ ಇರಿಸಿಕೊಳ್ಳಬೇಕು. ಠೇವಣಿಯ ಮಾತೆತ್ತಿದ ಕೂಡಲೇ ಹಿಂದೆ ಸರಿಯುವವರು ಪಾಯದವರೆಗೂ ನಿಲ್ಲುವವರಲ್ಲ.

ಯಂತ್ರದ ಮಾಲೀಕರಿಗೆ ಗಂಟೆ ಲೆಕ್ಕದಲ್ಲಿ ಕೊಡುವುದು ಎರಡನೆಯ ದಾರಿ. ನಮ್ಮ ಕಡೆ ಜನ ಜೆಸಿಬಿ ಎಂದೂ ಹಿಟಾಚಿ ಎಂದೂ ಕರೆಯುವ ಯಂತ್ರಗಳು ಬೇರೆ ಬೇರೆ ಕೆಲಸದವು ಎಂಬುದನ್ನು ಮೊದಲು ಗಮನಿಸಬೇಕು. ಮುಂದೆ ದೊಡ್ಡ ಬಕೆಟ್ಟು, ಹಿಂದೆ ಸಣ್ಣ ಕೈ ಇರುವ ಜೆಸಿಬಿ ಮಣ್ಣು ಬಾಚಲು, ಲೋಡು ತುಂಬಲು ಸರಿ. ಎರಡನೆಯ ಅಂತಸ್ತಿನ ತೊಲೆಗೆ ಅದನ್ನು ಕಳುಹಿಸುವುದು ಅಪಾಯ. ಸರಪಳಿಯ ಮೇಲೆ ಓಡುವ ಹಿಟಾಚಿಗೆ ಬ್ರೇಕರ್ ಜೋಡಿಸಿದರೆ ಕಾಂಕ್ರೀಟು ಬೇಗ ಒಡೆಯುತ್ತದೆ, ಆದರೆ ಅದರ ಪೆಟ್ಟಿನ ಅದುರು ಪಕ್ಕದ ಕಟ್ಟಡಕ್ಕೂ ಮುಟ್ಟುತ್ತದೆ. ಬ್ರೇಕರಿನ ಬದಲು ಇಕ್ಕಳದಂತೆ ಕಚ್ಚಿ ಪುಡಿಮಾಡುವ ಕ್ರಷರ್ ಬಾಯಿ ಇದ್ದರೆ ಅದುರು ಬಹಳ ಕಡಿಮೆ. ‘ಯಾವ ಯಂತ್ರ, ಅದಕ್ಕೆ ಯಾವ ಬಾಯಿ’ ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರದಿಂದಲೇ ಎದುರಿಗಿರುವವರ ಅನುಭವ ಅಳೆಯಬಹುದು. ಗಂಟೆ ಲೆಕ್ಕದಲ್ಲಿ ಕೊಟ್ಟಾಗ ಯಂತ್ರದ ಕ್ಯಾಬಿನ್ನಿನೊಳಗಿನ ಅವರ್ ಮೀಟರಿನ ಅಂಕಿಯನ್ನು ದಿನಾ ಬೆಳಗ್ಗೆ ಮತ್ತು ಸಂಜೆ ಪುಸ್ತಕದಲ್ಲಿ ಬರೆದು ಚಾಲಕನ ಸಹಿ ಹಾಕಿಸಿಕೊಳ್ಳಿ. ಈ ದಾರಿಯ ದೊಡ್ಡ ಕೊರತೆ ಬೇರೆಯೇ ಇದೆ: ಯಂತ್ರದವರು ಬಾಡಿಗೆಗೆ ಬಂದವರು, ಕೆಲಸದ ಹೊಣೆ ಹೊತ್ತವರಲ್ಲ. ಎಲ್ಲಿ ಮೊದಲು ಒಡೆಯಬೇಕೆಂದು ಹೇಳುವವರು ನೀವೇ ಆಗಿದ್ದರೆ, ಏನಾದರೂ ಬಿದ್ದಾಗ ಉತ್ತರ ಕೊಡಬೇಕಾದವರೂ ನೀವೇ. ದಿನವಿಡೀ ನಿವೇಶನದಲ್ಲಿ ನಿಲ್ಲಬಲ್ಲ ಎಂಜಿನಿಯರ್ ನಿಮ್ಮ ಪರವಾಗಿ ಇದ್ದರೆ ಮಾತ್ರ ಇದನ್ನು ಆಯ್ದುಕೊಳ್ಳಿ.

ಒಟ್ಟು ಮೊತ್ತಕ್ಕೆ ಪೂರ್ತಿ ಹೊಣೆ ಹೊರುವ ಕೆಡವುವ ಗುತ್ತಿಗೆದಾರರು ಮೂರನೆಯವರು. ಕೇಳಿದ ಕೂಡಲೇ ದುಬಾರಿ ಎನಿಸುತ್ತದೆ. ಆದರೆ ಪಕ್ಕದ ಗೋಡೆ, ವಿಮೆ, ಸಾಗಣೆ, ಪಾಯ, ಗುಂಡಿ ತುಂಬುವುದು ಎಲ್ಲವೂ ಅವರ ಮೊತ್ತದೊಳಗೇ ಇರುತ್ತದೆ. ಮೊದಲಿನ ಎರಡು ದಾರಿಗಳಲ್ಲಿ ಇವೆಲ್ಲ ಒಂದೊಂದಾಗಿ ನಿಮ್ಮ ಕಿಸೆಯಿಂದ ಹೋಗುತ್ತವೆ. ಇವರಲ್ಲಿ ನೋಡಬೇಕಾದದ್ದು, ಕೆಲಸ ಮಾಡುವವರು ಅವರೇನಾ ಅಥವಾ ಒಪ್ಪಿಕೊಂಡ ಮೇಲೆ ಇಲ್ಲಿಯದೇ ಗುಜರಿಯವರಿಗೆ ಒಳಗುತ್ತಿಗೆ ಕೊಡುತ್ತಾರಾ ಎಂಬುದು. ಹಾಗೆ ಕೊಟ್ಟರೆ ನೀವು ಮೂರನೆಯ ದಾರಿಯ ದರ ತೆತ್ತು ಮೊದಲ ದಾರಿಯ ಕೆಲಸ ಪಡೆದಂತೆ. ಒಳಗುತ್ತಿಗೆ ಕೊಡುವಂತಿಲ್ಲವೆಂದು ಕರಾರಿನಲ್ಲಿ ಬರೆಸಿ, ನಿವೇಶನದಲ್ಲಿ ನಿಲ್ಲುವ ಮೇಲ್ವಿಚಾರಕರು ಯಾರೆಂದು ಹೆಸರು ಹಾಕಿಸಿ.

ಹೊಸ ಕಟ್ಟಡದ ಬಿಲ್ಡರಿಗೇ ಕೆಡವುವುದನ್ನೂ ಸೇರಿಸಿ ಕೊಡುವ ನಾಲ್ಕನೆಯ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹೊಸ ಪಾಯ ತೋಡುವವರೇ ಹಳೆಯ ಪಾಯ ತೆಗೆಯುವುದರಿಂದ ಅರ್ಧಕ್ಕೆ ಬಿಟ್ಟು ಹೋಗುವ ಭಯ ಕಡಿಮೆ. ಆದರೆ ಕೆಡವುವ ಕೆಲಸದ ಮೊತ್ತವನ್ನು ಬೇರೆಯಾಗಿ ಬರೆಸಿಕೊಳ್ಳದಿದ್ದರೆ ಸಾಮಾನಿನ ಬೆಲೆ ಎಲ್ಲಿ ಹೋಯಿತೆಂದು ನಿಮಗೆ ತಿಳಿಯುವುದೇ ಇಲ್ಲ.

ಒಬ್ಬ ಮಾಲೀಕರು ಸ್ಫೋಟಕ ಇಟ್ಟು ಒಂದೇ ಸಲಕ್ಕೆ ಬೀಳಿಸಬಹುದಲ್ಲ ಎಂದು ಕೇಳಿದ್ದರು. 2020ರ ಜನವರಿಯಲ್ಲಿ ಕೊಚ್ಚಿಯ ಮರಡಿನ ವಸತಿ ಕಟ್ಟಡಗಳನ್ನೂ, 2022ರ ಆಗಸ್ಟ್ 28ರಂದು ನೋಯ್ಡಾದ ಜೋಡಿ ಗೋಪುರಗಳನ್ನು ಸುಮಾರು 3,700 ಕಿಲೋ ಸ್ಫೋಟಕದಿಂದ ಬೀಳಿಸಿದ್ದನ್ನೂ ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದಾರೆ. ಅವು ಯಂತ್ರದ ಕೈ ಎಟುಕದ ಎತ್ತರದವು. ಗೋಡೆಗೆ ಗೋಡೆ ಅಂಟಿಕೊಂಡ ನಮ್ಮ ಪೇಟೆಯ ಮೂರು ನಾಲ್ಕು ಅಂತಸ್ತುಗಳಿಗೆ ಆ ವಿಧಾನ ಹೊಂದುವುದಿಲ್ಲ.

ಯಾವ ಕ್ರಮದಲ್ಲಿ ಕೆಡವುತ್ತೀರಿ ಎಂದು ಕೇಳಿ

ಕಟ್ಟಡ ಕೆಡವುವಾಗ ಪಾಲಿಸಬೇಕಾದ ಸುರಕ್ಷತಾ ಕ್ರಮಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 4130 ಎಂಬ ಸಂಹಿತೆಯೇ ಇದೆ. ಗುತ್ತಿಗೆದಾರರು ಅದರ ಸಂಖ್ಯೆ ಹೇಳಬೇಕೆಂದೇನಿಲ್ಲ. ಅದರ ತಿರುಳು ಅವರ ಮಾತಿನಲ್ಲಿ ಬರಬೇಕು. ಮೇಲಿನಿಂದ ಕೆಳಕ್ಕೆ, ಕಟ್ಟಿದ್ದಕ್ಕೆ ತಲೆಕೆಳಗಾದ ಕ್ರಮದಲ್ಲಿ, ಒಂದು ಅಂತಸ್ತು ಪೂರ್ತಿ ಮುಗಿದ ಮೇಲೆ ಮುಂದಿನದು. ಒಡೆದ ರಾಶಿಯನ್ನು ಕೆಳಗಿನ ಸ್ಲ್ಯಾಬಿನ ಮೇಲೆ ಪೇರಿಸಬಾರದು, ಏಕೆಂದರೆ ಆ ಸ್ಲ್ಯಾಬು ಜನ ಮತ್ತು ಸಾಮಾನಿನ ಭಾರಕ್ಕೆಂದು ಕಟ್ಟಿದ್ದೇ ಹೊರತು ಮೇಲಿನ ಅಂತಸ್ತಿನ ರಾಶಿಗೆಂದಲ್ಲ.

ಹಳೆಯ ಮಳಿಗೆಗಳಲ್ಲಿ ಎಲ್ಲಕ್ಕಿಂತ ಮೋಸದ ಭಾಗವೆಂದರೆ ರಸ್ತೆಯ ಕಡೆ ಚಾಚಿಕೊಂಡ ಸಜ್ಜ ಮತ್ತು ಬಾಲ್ಕನಿ. ಅದಕ್ಕೆ ಕೆಳಗಿನಿಂದ ಆಸರೆ ಇರುವುದಿಲ್ಲ; ಒಳಗಿನ ಸ್ಲ್ಯಾಬು ಮತ್ತು ಮೇಲೆ ಕೂತ ಗೋಡೆಯ ಭಾರ ಅದನ್ನು ಹಿಂದಿನಿಂದ ಒತ್ತಿ ಹಿಡಿದಿರುತ್ತದೆ. ಮೇಲಿನ ಗೋಡೆಯನ್ನು ಮೊದಲು ತೆಗೆದರೆ ಹಿಡಿತ ಹೋಗುತ್ತದೆ, ಯಾವ ಮುನ್ಸೂಚನೆಯೂ ಇಲ್ಲದೆ ಸಜ್ಜ ರಸ್ತೆಗೆ ಬೀಳುತ್ತದೆ. ‘ಮುಂದಿನ ಸಜ್ಜವನ್ನು ಯಾವಾಗ ತೆಗೆಯುತ್ತೀರಿ’ ಎಂದು ನಾನು ಪ್ರತಿಯೊಬ್ಬ ಗುತ್ತಿಗೆದಾರರನ್ನೂ ಕೇಳುತ್ತೇನೆ. ಅಡಿಗೆ ಜಾಕಿ ಕೊಟ್ಟು, ಮೇಲಿನ ಭಾರ ಇಳಿಸುವ ಮೊದಲೇ ಅದನ್ನು ಕತ್ತರಿಸುತ್ತೇವೆ ಎಂದವರಿಗೆ ನನ್ನ ಲೆಕ್ಕದಲ್ಲಿ ದರದ ವ್ಯತ್ಯಾಸವನ್ನೂ ಮೀರಿದ ತೂಕವಿದೆ.

ಸಿಮೆಂಟ್ ಶೀಟಿನ ಹಳೆಯ ಗೋದಾಮುಗಳಲ್ಲಿ ಇನ್ನೊಂದು ವಿಷಯ. ಆ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಒಡೆದಾಗ ಏಳುವ ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೊಕ್ಕರೆ ಎಷ್ಟೋ ವರ್ಷಗಳ ನಂತರ ಶ್ವಾಸಕೋಶದ ರೋಗ ತರುತ್ತವೆ. ನೀರು ಸಿಂಪಡಿಸಿ ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡಿಯಾಗಿ ಕೆಳಗಿಳಿಸಬೇಕು. ಯಂತ್ರದ ಬಕೆಟ್ಟಿನಿಂದ ಎಳೆದು ಬೀಳಿಸುತ್ತೇವೆ ಎಂದವರನ್ನು ಅಲ್ಲಿಗೇ ಬಿಡಿ.

ಪಕ್ಕದವರ ಗೋಡೆ

ನಾನು ನೋಡಿದ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಒಂದು ಗೋಡೆಯಲ್ಲಿ. ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಮಾಲೀಕರೊಬ್ಬರ ಎರಡಂತಸ್ತಿನ ಮಳಿಗೆಯನ್ನು ಯಂತ್ರದವರೊಬ್ಬರಿಗೆ ಬಾಯಿಮಾತಿನ ಮೇಲೆ ವಹಿಸಲಾಗಿತ್ತು. ನನ್ನನ್ನು ಕರೆದದ್ದು ಮೂರನೆಯ ದಿನ. ತೊಲೆಯ ಒಂದು ತುದಿ ಪಕ್ಕದ ಅಂಗಡಿಯ ಗೋಡೆಯೊಳಗೆ ಕೂತಿದೆ ಎಂಬುದನ್ನು ಗಮನಿಸದೆ ಅದನ್ನು ಯಂತ್ರದಿಂದ ಎಳೆದಿದ್ದರು. ಪಕ್ಕದ ಅಂಗಡಿಯೊಳಗೆ ಹೋಗಿ ನೋಡಿದರೆ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು ಬಿಟ್ಟಿತ್ತು, ಬೆರಳ ತುದಿ ಒಳಗೆ ಹೋಗುವಷ್ಟು. ಆ ಯಂತ್ರದವರ ಫೋನು ಅಂದು ಸಂಜೆಯಿಂದ ಸಿಗಲಿಲ್ಲ. ಗೋಡೆಯನ್ನು ಬಿಚ್ಚಿ ಕಟ್ಟಿಸಿದ ಖರ್ಚು, ಅಂಗಡಿ ಮುಚ್ಚಿದ್ದ ದಿನಗಳ ನಷ್ಟ ಎರಡನ್ನೂ ಮಾಲೀಕರೇ ತುಂಬಿದರು. ಕಡಿಮೆ ದರದಿಂದ ಉಳಿದಿದ್ದ ಹಣಕ್ಕಿಂತ ಅದು ಬಹಳ ಹೆಚ್ಚಾಯಿತು. ಮೊದಲ ದಿನವೇ ಹೋಗಿ ನೋಡಿ ಬರಬೇಕಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

ಅಲ್ಲಿಂದೀಚೆಗೆ ನಾನು ಕೆಲಸ ಶುರುವಾಗುವ ಮೊದಲೇ ಪಕ್ಕದವರ ಕಟ್ಟಡದೊಳಗೆ ಮಾಲೀಕರು, ಪಕ್ಕದವರು, ಗುತ್ತಿಗೆದಾರರು ಮೂವರನ್ನೂ ಕರೆದುಕೊಂಡು ಹೋಗುತ್ತೇನೆ. ಇರುವ ಬಿರುಕುಗಳನ್ನೆಲ್ಲ ಫೋಟೊ ತೆಗೆದು, ತಾರೀಖು ಹಾಕಿ, ಮೂವರ ಸಹಿ ಪಡೆಯುತ್ತೇನೆ. ದೊಡ್ಡ ಬಿರುಕುಗಳಿಗೆ ಅಡ್ಡಲಾಗಿ ಮೂರು ನಾಲ್ಕು ಇಂಚು ಉದ್ದದ ತೆಳು ಗಾಜಿನ ಪಟ್ಟಿಯಿಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆಯುತ್ತೇನೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಆ ಗಳಿಗೆಯಲ್ಲೇ ಯಂತ್ರ ನಿಲ್ಲಿಸಬೇಕು. ಹೀಗೆ ಗಾಜು ಅಂಟಿಸುತ್ತಿದ್ದಾಗ ಒಮ್ಮೆ ಪಕ್ಕದ ಅಂಗಡಿಯ ವೃದ್ಧ ಮಾಲೀಕರು ಹತ್ತಿರ ಬಂದು, ‘ಏನಪ್ಪಾ, ನಮ್ಮ ಗೋಡೆ ಇದ್ದಂಗೇ ಇರ್ತದಾ?’ ಎಂದು ಕೇಳಿದ್ದರು. ‘ಇರುತ್ತೆ ಯಜಮಾನ್ರೇ, ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಈ ಗಾಜು ನೋಡಿ, ಸೀಳಿದ್ರೆ ನನಗೆ ಫೋನ್ ಮಾಡಿ’ ಎಂದಿದ್ದೆ. ಕೆಲಸ ಮುಗಿಯುವವರೆಗೂ ಅವರು ಒಂದು ದಿನವೂ ತಪ್ಪಿಸಲಿಲ್ಲ.

ಈ ಗೋಡೆಯ ವಿಷಯದಲ್ಲಿ ಗುತ್ತಿಗೆದಾರರನ್ನು ಹೋಲಿಸಲು ನನ್ನ ಬಳಿ ಮೂರು ಪ್ರಶ್ನೆಗಳಿವೆ. ಪಕ್ಕದ ಗೋಡೆಯೊಳಗೆ ಕೂತ ತೊಲೆಯನ್ನು ಏನು ಮಾಡುತ್ತೀರಿ? ಗೋಡೆಯಿಂದ ಒಂದಡಿ ದೂರದಲ್ಲಿ ಕಟ್ಟರಿನಿಂದ ಕತ್ತರಿಸಿ ತುದಿಯನ್ನು ಅಲ್ಲೇ ಬಿಡುತ್ತೇವೆ, ಆಮೇಲೆ ಕೈಯಿಂದ ಬಿಡಿಸಿ ಆ ತೂತಿಗೆ ಇಟ್ಟಿಗೆ ತುಂಬುತ್ತೇವೆ ಎನ್ನುವುದು ಸರಿಯಾದ ಉತ್ತರ. ಗೋಡೆಗೆ ತಾಗಿದ ಪಾಯವನ್ನು ಎಷ್ಟು ಉದ್ದ ಒಮ್ಮೆಗೆ ತೋಡುತ್ತೀರಿ? ಇಡೀ ಉದ್ದ ಒಂದೇ ದಿನ ತೋಡಿದರೆ ಪಕ್ಕದವರ ಪಾಯದಡಿಯ ಮಣ್ಣು ಜಾರುತ್ತದೆ. ನಾಲ್ಕೈದು ಅಡಿಯ ತುಂಡುಗಳಾಗಿ, ಒಂದನ್ನು ಬಿಟ್ಟು ಒಂದರಂತೆ ತೋಡಿ ಮುಚ್ಚಬೇಕು. ಬಯಲಾದ ಗೋಡೆಗೆ ಮಳೆಯಿಂದ ರಕ್ಷಣೆ ಯಾರದು? ನಿಮ್ಮ ಕಟ್ಟಡದ ಮರೆಯಲ್ಲಿದ್ದಷ್ಟು ಕಾಲ ಆ ಗೋಡೆ ಒಂದು ಹನಿ ಮಳೆ ಕಂಡಿರುವುದಿಲ್ಲ, ಅದಕ್ಕೆ ಗಾರೆಯ ಲೇಪವೂ ಇರುವುದಿಲ್ಲ. ಮಣ್ಣಿನ ಗಾರೆಯ ಗೋಡೆಯಾದರೆ ಒಂದು ಮುಂಗಾರಿನಲ್ಲೇ ಹೊಟ್ಟೆ ಉಬ್ಬಿ ಬೀಳಬಹುದು. ಹಾಸನದಲ್ಲೇ ಇದು ಅಪಾಯ. ಸಕಲೇಶಪುರ, ಚಿಕ್ಕಮಗಳೂರಿನ ಮಳೆಯಲ್ಲಂತೂ ಹೇಳುವುದೇ ಬೇಡ. ಜೂನ್‌ಗೆ ಮೊದಲು ಪಾಯದ ಕೆಲಸ ಮುಗಿಯುವಂತಿಲ್ಲದಿದ್ದರೆ ಮಳೆಗಾಲ ಕಳೆದ ಮೇಲೇ ಶುರು ಮಾಡಿ ಎಂದು ನಾನು ಹೇಳುತ್ತೇನೆ. ಹಾಸನಾಂಬ ದೇವಸ್ಥಾನದ ಸುತ್ತಿನ ಬೀದಿಗಳವರು ಆಶ್ವಯುಜದಲ್ಲಿ ಬಾಗಿಲು ತೆರೆಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು; ಆ ಜನಸಂದಣಿಯಲ್ಲಿ ಟಿಪ್ಪರ್ ಓಡಿಸುವುದು ಸಾಧ್ಯವಿಲ್ಲ, ಓಡಿಸಲೂ ಬಾರದು.

ರಾಶಿ ಎಲ್ಲಿಗೆ ಹೋಗುತ್ತದೆ

‘ಎಲ್ಲಿಗೆ ಸಾಗಿಸುತ್ತೀರಿ’ ಎಂದು ಕೇಳಿದಾಗ ‘ಅದು ನಮಗೆ ಬಿಡಿ’ ಎನ್ನುವ ಉತ್ತರ ಸಾಲದು. ಕೆರೆಯಂಚಿಗೆ, ರಸ್ತೆ ಬದಿಯ ಚರಂಡಿಗೆ ರಾತ್ರೋರಾತ್ರಿ ಸುರಿದ ಗಾರೆಯ ರಾಶಿಗಳನ್ನು ನಮ್ಮ ಊರಿನ ಹೊರವಲಯದಲ್ಲಿ ಯಾರು ಬೇಕಾದರೂ ನೋಡಬಹುದು. ಕೆರೆಗಳನ್ನು ನಂಬಿದ ಜಿಲ್ಲೆ ನಮ್ಮದು; ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. 2016ರ ಕಟ್ಟಡ ನಿರ್ಮಾಣ ಮತ್ತು ಕೆಡವಿದ ತ್ಯಾಜ್ಯದ ನಿಯಮಗಳು, ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ ಮುಟ್ಟಿದರೆ ಕಾಂಕ್ರೀಟು, ಮಣ್ಣು, ಕಬ್ಬಿಣ ಮರ ಪ್ಲಾಸ್ಟಿಕ್, ಇಟ್ಟಿಗೆ ಗಾರೆ ಎಂದು ಬೇರ್ಪಡಿಸಿ, ಸ್ಥಳೀಯ ಸಂಸ್ಥೆಯಿಂದ ಮೊದಲೇ ಯೋಜನೆಗೆ ಒಪ್ಪಿಗೆ ಪಡೆಯಬೇಕೆಂದು ಹೇಳಿದ್ದವು. ಮೇಲೆ ಲೆಕ್ಕ ಹಾಕಿದ ಮೂರಂತಸ್ತಿನ ಮಳಿಗೆಯೇ ಆ ಮಿತಿ ದಾಟುತ್ತದೆ ಎಂಬುದನ್ನು ಗಮನಿಸಿ. 2025ರಲ್ಲಿ ಪ್ರಕಟವಾದ ಹೊಸ ನಿಯಮಗಳ ಜಾರಿಯ ದಿನಾಂಕ 2026ರ ಏಪ್ರಿಲ್ 1. ಅವುಗಳಲ್ಲಿ ದೊಡ್ಡ ಹೊಣೆಗಾರಿಕೆ ಬೀಳುವುದು 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಯೋಜನೆಗಳ ಮೇಲೆ; ಹಾಗೆಂದು ಸಣ್ಣ ಮಳಿಗೆಯವರು ಎಲ್ಲೆಂದರಲ್ಲಿ ಸುರಿಯಬಹುದೆಂದಲ್ಲ.

ತಗ್ಗು ನಿವೇಶನ ತುಂಬಿಸಿಕೊಳ್ಳಲು ಇಟ್ಟಿಗೆ ಚೂರು ಬೇಕೆನ್ನುವವರು ಇದ್ದೇ ಇರುತ್ತಾರೆ. ಅವರ ಒಪ್ಪಿಗೆ ಪತ್ರವನ್ನು ಗುತ್ತಿಗೆದಾರರು ಕೆಲಸಕ್ಕೆ ಮೊದಲೇ ತೋರಿಸಿದರೆ ಸಂತೋಷ. ಪ್ರತಿ ಲೋಡಿಗೂ ಗಾಡಿ ಸಂಖ್ಯೆ, ಹೊರಟ ಹೊತ್ತು, ಇಳಿಸಿದ ಜಾಗ ಬರೆದ ಚೀಟಿ ಕೊಡಬೇಕು. ಕಬ್ಬಿಣ ಹೋಗುವ ಗಾಡಿಗೆ ವೇಬ್ರಿಡ್ಜಿನ ಖಾಲಿ ತೂಕ ಮತ್ತು ತುಂಬಿದ ತೂಕದ ಎರಡು ಚೀಟಿಗಳೂ ಬೇಕು. ಬೀಟೆ, ತೇಗದ ತೊಲೆಗಳಿದ್ದರೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿಕೊಂಡ ಮೇಲೆಯೇ ಗಾಡಿ ಹತ್ತಿಸಿ.

ಕಾಗದಪತ್ರಗಳು

ಸ್ಥಳೀಯ ಸಂಸ್ಥೆಯ ಅನುಮತಿ, ಬಾಡಿಗೆದಾರರು ತೆರವು ಮಾಡಿದ ಬಗ್ಗೆ ಬರಹ, ಹಾಸನದಲ್ಲಿ ಸೆಸ್ಕ್ ಮತ್ತು ಚಿಕ್ಕಮಗಳೂರಿನಲ್ಲಿ ಮೆಸ್ಕಾಂನಿಂದ ಮೀಟರ್ ಕಳಚಿ ಕಂಬದಿಂದಲೇ ಸಂಪರ್ಕ ತೆಗೆಸುವುದು, ನೀರು ಮತ್ತು ಒಳಚರಂಡಿಯ ಕೊಳವೆ ಮುಚ್ಚಿಸುವುದು ಮಾಲೀಕರ ಕೆಲಸ. ರಸ್ತೆಗೆ ಮರೆ ಕಟ್ಟಲು, ಲೋಡು ತುಂಬುವಾಗ ವಾಹನ ತಡೆಯಲು ಪೊಲೀಸರ ಒಪ್ಪಿಗೆ ಪಡೆಯುವುದನ್ನು ಗುತ್ತಿಗೆದಾರರಿಗೆ ವಹಿಸಬಹುದು. ವಾಹನ ಕಡಿಮೆಯೆಂದು ರಾತ್ರಿ ಬ್ರೇಕರ್ ಹಚ್ಚಲು ಕೆಲವರು ಬಯಸುತ್ತಾರೆ. ವಾಣಿಜ್ಯ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಶಬ್ದದ ಮಿತಿ 55 ಡೆಸಿಬೆಲ್, ಬ್ರೇಕರ್ ಆ ಮಿತಿಯೊಳಗೆ ಕೆಲಸ ಮಾಡಲಾರದು.

ಬೇಲೂರು, ಹಳೇಬೀಡಿನ ಮಾಲೀಕರಿಗೆ ಒಂದು ಎಚ್ಚರಿಕೆ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಹಳೆಯದನ್ನು ಕೆಡವಿದ ಮೇಲೆ ಹೊಸದು ಕಟ್ಟಲಾಗದೆ ಖಾಲಿ ನಿವೇಶನ ನೋಡುತ್ತ ಕೂರುವಂತಾಗಬಾರದು. ಮರುನಿರ್ಮಾಣಕ್ಕೆ ಲಿಖಿತ ಅನುಮತಿ ಕೈಸೇರುವವರೆಗೆ ಅಲ್ಲಿ ಒಂದು ಇಟ್ಟಿಗೆಯನ್ನೂ ಕೀಳಿಸಬೇಡಿ.

ಕಾರ್ಮಿಕರ ಪರಿಹಾರ ವಿಮೆ ಮತ್ತು ಪಕ್ಕದವರು, ದಾರಿಹೋಕರಂಥ ಮೂರನೆಯವರಿಗೆ ಆಗುವ ಹಾನಿಯ ವಿಮೆ ಎರಡರ ಪ್ರತಿಯನ್ನೂ ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ನಿವೇಶನದ ವಿಳಾಸ, ಕೆಲಸದ ದಿನಾಂಕಗಳು ಇವೆಯೇ ಎಂದು ಓದಿ ನೋಡಿ. ಬೇರೆ ಊರಿನ ಕೆಲಸಕ್ಕೆ ಮಾಡಿಸಿದ ಹಳೆಯ ಪಾಲಿಸಿಯ ಜೆರಾಕ್ಸ್ ತೋರಿಸಿದ್ದನ್ನು ನಾನು ಕಂಡಿದ್ದೇನೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇರುವ ಕೆಲಸಗಾರರನ್ನು ಕರೆತರುವವರು, ಹೆಲ್ಮೆಟ್ಟು ಮತ್ತು ಸೊಂಟಪಟ್ಟಿಗಳನ್ನು ತಾವೇ ಒದಗಿಸುವವರು ನಾಲ್ಕು ಕಾಸು ಹೆಚ್ಚು ಕೇಳಿದರೂ ಕೊಡಿ. ಗೋಡೆಯ ಮೇಲೆ ನಿಂತು ಅದೇ ಗೋಡೆಯನ್ನು ಹಾರೆಯಿಂದ ಮೀಟುವ ಹುಡುಗನ ಮನೆಯಲ್ಲೂ ಸಂಜೆ ಕಾಯುವವರಿರುತ್ತಾರೆ.

ಕರಾರು ಮತ್ತು ಹಣ

ಕೊನೆಗೆ ಇಬ್ಬರು ಉಳಿದಾಗ, ಅವರು ಮುಗಿಸಿದ ಒಂದೊಂದು ಕೆಲಸದ ಜಾಗಕ್ಕೆ ಹೋಗಿ ಬನ್ನಿ. ಅಲ್ಲಿನ ಮಾಲೀಕರಿಗಿಂತ ಅಕ್ಕಪಕ್ಕದ ಅಂಗಡಿಯವರನ್ನು ಮಾತಾಡಿಸಿ. ಧೂಳಿಗೆ ನೀರು ಹಾಕುತ್ತಿದ್ದರೇ, ಗೋಡೆ ಬಿರುಕು ಬಿಟ್ಟಾಗ ಬಂದು ನೋಡಿದರೇ, ಕೊನೆಯ ರಾಶಿ ಎಷ್ಟು ದಿನ ಬಿದ್ದಿತ್ತು ಎಂಬುದಕ್ಕೆ ಅವರ ಮಾತೇ ಸಾಕ್ಷಿ.

ಕರಾರು ಪತ್ರದಲ್ಲಿ ಹಣವನ್ನು ಕೆಲಸದ ಭಾರಕ್ಕೆ ತಕ್ಕಂತೆ ಹಂಚಬೇಕು. ಯಂತ್ರ ಮತ್ತು ಜನ ತರುವಷ್ಟಕ್ಕೆ ಮಾತ್ರ ಮುಂಗಡ. ಸ್ಲ್ಯಾಬುಗಳು ಇಳಿದ ಮೇಲೆ ಒಂದು ಕಂತು, ಗೋಡೆಗಳು ಹೋದ ಮೇಲೆ ಇನ್ನೊಂದು. ಒಟ್ಟು ಮೊತ್ತದ ನಾಲ್ಕನೇ ಒಂದು ಪಾಲನ್ನು ಪಾಯ, ಗುಂಡಿ, ಕೊನೆಯ ಸಾಗಣೆಗೆಂದು ನಾನು ಯಾವಾಗಲೂ ಹಿಡಿದಿಡಿಸುತ್ತೇನೆ. ಇಷ್ಟು ಹಿಡಿಯುತ್ತೀರಾ ಎಂದು ಗುತ್ತಿಗೆದಾರರು ಚೌಕಾಸಿ ಮಾಡಿದರೆ, ಬೇಕಾದರೆ ಒಟ್ಟು ಮೊತ್ತವನ್ನು ತುಸು ಹೆಚ್ಚಿಸಿ ಕೊಡಿ, ಹಿಡಿದಿಡುವ ಪಾಲನ್ನು ಮಾತ್ರ ಇಳಿಸಬೇಡಿ. ಜಿಎಸ್‌ಟಿ ಸೇರಿದೆಯೋ ಬೇರೆಯೋ, ತಡವಾದರೆ ದಿನಕ್ಕೆ ಎಷ್ಟು ಕಡಿತ, ಪಕ್ಕದ ಗೋಡೆಗೆ ಹಾನಿಯಾದರೆ ಎಷ್ಟು ದಿನದೊಳಗೆ ಸರಿಪಡಿಸಬೇಕು, ಸಾಮಾನುಗಳಲ್ಲಿ ಯಾವುದು ಮಾಲೀಕರಿಗೆ ಉಳಿಯಬೇಕು ಎಂಬುದೂ ಅದರಲ್ಲೇ ಬರಲಿ. ಪಾಯದ ಸೈಜುಗಲ್ಲುಗಳನ್ನು ಹೊಸ ಕಾಂಪೌಂಡಿಗೆ ಬಳಸುವ ಆಸೆ ಇದ್ದರೆ ಈಗಲೇ ಬರೆಸಿ, ಆಮೇಲೆ ಕೇಳಿದರೆ ಸಿಗುವುದಿಲ್ಲ.

ಕೊನೆಯ ಲೋಡು ಹೊರಟ ದಿನ ಮೊದಲಿನ ಮೂವರೂ ಮತ್ತೆ ಸೇರಬೇಕು. ಸಂಪು ಮತ್ತು ಗುಂಡಿಗಳ ಜಾಗದಲ್ಲಿ ತುಂಬಿದ ಮಣ್ಣು ಹಾರೆ ಊರಿದರೆ ಕುಸಿಯುತ್ತದೆಯೇ ಎಂದು ನೋಡಬೇಕು. ಪಕ್ಕದವರ ಗೋಡೆಯ ಗಾಜಿನ ಪಟ್ಟಿಗಳನ್ನೂ, ಮೊದಲ ದಿನದ ಫೋಟೊಗಳನ್ನೂ ಒಂದೊಂದಾಗಿ ತಾಳೆ ಹಾಕಬೇಕು. ಎಲ್ಲ ಸರಿಯಿದ್ದರೆ ಕೆಲಸ ಮುಗಿದ ಬಗ್ಗೆ ಒಂದು ಹಾಳೆ ಬರೆದು ಮೂವರೂ ಸಹಿ ಹಾಕಿ, ಹಿಡಿದಿಟ್ಟ ಪಾಲನ್ನು ಅಲ್ಲೇ ಅಂದೇ ಚೆಕ್ ಮೂಲಕ ಕೊಟ್ಟುಬಿಡಿ. ಆ ಹಾಳೆಯ ಒಂದು ಪ್ರತಿ ಪಕ್ಕದವರ ಬಳಿಯೂ ಇರಲಿ. ಮುಂದಿನ ತಿಂಗಳು ಹೊಸ ಪಾಯ ತೋಡುವಾಗ ಅದೇ ಗೋಡೆಯ ಪಕ್ಕದಲ್ಲಿ ಮತ್ತೆ ಯಂತ್ರ ನಿಲ್ಲಬೇಕಾಗುತ್ತದೆ.